ಡೀಸೆಲ್ ಕುಡಿದು ಬದುಕಿದ ಜೀಪುಗಳು

ಹಳೆಯ ಜೀಪುಗಳನ್ನು ಪ್ರದರ್ಶನಕ್ಕೆ ನಿಲ್ಲಿಸುವ ಕಡೆಗೆ ಹೋದಾಗಲೆಲ್ಲ ನನಗೆ ಒಂದು ಬೇಸರ ಆಗುತ್ತದೆ. ಸಾಲಾಗಿ ನಿಂತ ಗಾಡಿಗಳೆಲ್ಲ ಒಂದೇ ಥರ. ಅದೇ ಮಿಲಿಟರಿ ಹಸಿರು, ಬಾನೆಟ್ ಮೇಲೆ ಅದೇ ಬಿಳಿ ನಕ್ಷತ್ರ, ಹಿಂದೆ ಜೆರ್ರಿ ಕ್ಯಾನು, ಪಕ್ಕಕ್ಕೆ ಬೆಲ್ಟು ಬಿಗಿದ ಸಲಿಕೆ. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅವುಗಳಲ್ಲಿ ಹಲವು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಆ ಮಾಡೆಲ್ ಅಮೆರಿಕದಲ್ಲಿ ಹೊರಬಂದದ್ದೇ 1953ರಲ್ಲಿ. ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷ ಕಳೆದಿತ್ತು. ನಮ್ಮ ಕಡೆ ಓಡಾಡಿದ 3ಬಿಗಳನ್ನು ಮುಂಬೈಯಲ್ಲಿ ಮಹೀಂದ್ರಾದವರು ಮಾಡಿದ್ದು. ಕಾಫಿ ಮೂಟೆ, ಗೊಬ್ಬರ, ಬಾಣಂತಿಯರು, ಶಾಲೆ ಮಕ್ಕಳು ಎಲ್ಲರನ್ನೂ ಹೊತ್ತ ಗಾಡಿ ಅದು. ಅದರ ಮೈಮೇಲೆ ಯಾವತ್ತೂ ನೋಡದ ಯುದ್ಧದ ಗುರುತು ಬರೆದರೆ, ನಿಜವಾಗಿ ಬದುಕಿದ ಬದುಕನ್ನು ಅಳಿಸಿದಂತೆ ನನಗೆ ಕಾಣುತ್ತದೆ.

ನಾನು ಚಿಕ್ಕವನಿದ್ದಾಗ ಕಂಡ ತೋಟದ ಜೀಪುಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಒಬ್ಬರದ್ದು ಆಕಾಶನೀಲಿ, ತಗಡಿನ ಟಾಪು. ಇನ್ನೊಬ್ಬರದ್ದು ಬೂದು ಬಣ್ಣ, ಹಿಂದೆ ಮರದ ಬೆಂಚು. ಮಗದೊಬ್ಬರು ಮುಂದಿನ ಗಾಜನ್ನೇ ತೆಗೆದಿಟ್ಟಿದ್ದರು. ಹಾರ್ನ್ ಕೇಳಿದರೆ ಸಾಕು, ಯಾವ ತೋಟದ ಗಾಡಿ ಬಂತು ಅಂತ ಅಂಗಡಿ ಮುಂದೆ ಕೂತವರು ಹೇಳುತ್ತಿದ್ದರು.

ಘಟ್ಟಕ್ಕೆ ಬಂದ ಬಗೆ

1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪನಿ ಸೇರಿ ಸುಮಾರು ಆರೂವರೆ ಲಕ್ಷ ಜೀಪುಗಳನ್ನು ಮಾಡಿದವು. ಅದರಲ್ಲಿ ಒಂದು ಪಾಲು ಅಸ್ಸಾಂ, ಬಂಗಾಳ, ಬರ್ಮಾ ಗಡಿಯ ಕಡೆಗೆ ಬಂತು. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ವಾಪಸ್ ಹೊತ್ತುಕೊಂಡು ಹೋಗುವ ಖರ್ಚಿಗಿಂತ ಇಲ್ಲೇ ಮಾರುವುದು ವಾಸಿಯಾಗಿತ್ತು. ‘ಡಿಸ್ಪೋಸಲ್ ಗಾಡಿ’ ಅಂತ ನಮ್ಮ ಹಿರಿಯರು ಕರೆಯುತ್ತಿದ್ದದ್ದು ಈ ಮಾಲನ್ನೇ. ಕೊಡಗಿನಲ್ಲಿ ಮನೆಗೊಬ್ಬರು ಸೈನ್ಯದಲ್ಲಿ ಇದ್ದವರು. ಅವರಿಗೆ ಈ ಗಾಡಿಯ ಗುಣ ಮೊದಲೇ ಗೊತ್ತಿತ್ತು. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಬೆಳೆಗಾರರೂ ತಡ ಮಾಡಲಿಲ್ಲ.

ಮಲೆನಾಡಿಗೆ ಅದಕ್ಕಿಂತ ಹೊಂದುವ ಗಾಡಿ ಆಗ ಬೇರೆ ಇರಲಿಲ್ಲ. ತೂಕ ಹನ್ನೊಂದು ನೂರು ಕಿಲೋ ಆಸುಪಾಸು, ಅರವತ್ತು ಹಾರ್ಸ್‌ಪವರಿನ 2.2 ಲೀಟರ್ ಪೆಟ್ರೋಲ್ ಇಂಜಿನ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಬರೀ ಎಂಬತ್ತು ಇಂಚು. ಎತ್ತಿನ ಗಾಡಿ ಹೋಗುವ ಜಾಡಿನಲ್ಲಿ ಹೋಗುತ್ತದೆ, ಹಳ್ಳದಲ್ಲಿ ಇಳಿಯುತ್ತದೆ, ಕೆಸರಲ್ಲಿ ಹೂತರೆ ನಾಲ್ಕು ಆಳು ಸೇರಿ ಎತ್ತಬಹುದು. ಮುಂಬೈಯಲ್ಲಿ ಮಹೀಂದ್ರಾದವರು ನಲವತ್ತರ ದಶಕದ ಕೊನೆಗೆ ಜೋಡಣೆ ಶುರು ಮಾಡಿದ ಮೇಲೆ ಹೊಸ ಜೀಪೂ ಸಿಗತೊಡಗಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ 3ಬಿಯ ಎತ್ತರದ ಮೂತಿ ನಮ್ಮಲ್ಲಿ ಎಷ್ಟೋ ವರ್ಷ ಮುಂದುವರಿಯಿತು. ಜೀಪು ಅಂದರೆ ನಮ್ಮ ತಲೆಮಾರಿಗೆ ಇವತ್ತಿಗೂ ಕಣ್ಣಿಗೆ ಬರುವುದು ಆ ಮೂತಿಯೇ.

1973ರಲ್ಲಿ ಎಣ್ಣೆಯ ಬಿಕ್ಕಟ್ಟು ಬಂದ ಮೇಲೆ ಕತೆ ಬದಲಾಯಿತು. ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಡುವ, ಘಾಟಿಯಲ್ಲಿ ಅದಕ್ಕಿಂತಲೂ ಕಮ್ಮಿ ಕೊಡುವ ಪೆಟ್ರೋಲ್ ಗಾಡಿಯನ್ನು ಸಣ್ಣ ಬೆಳೆಗಾರ ಸಾಕುವುದು ಕಷ್ಟವಾಯಿತು. ಆಗ ನಮ್ಮೂರ ಗ್ಯಾರೇಜುಗಳಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಅದರ ಬಗ್ಗೆ ಯಾರೂ ಬರೆದಿಟ್ಟಿಲ್ಲ ಎನ್ನುವುದು ನನ್ನ ದುಃಖ. ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರು. ಮೆಟಡಾರ್ ಇಂಜಿನ್, ಆಮೇಲೆ ಪ್ಯೂಜೋ, ಸಿಕ್ಕಿದವರಿಗೆ ಇಸುಜು. ಹೊಸ ಇಂಜಿನ್ನಿಗೂ ಹಳೆಯ ಗೇರ್ ಬಾಕ್ಸಿಗೂ ನಡುವೆ ಕೂರುವ ಪ್ಲೇಟನ್ನು ಲೇತ್ ಮೇಲೆ ಕೈಯಿಂದಲೇ ಅಳತೆ ಹಿಡಿದು ಮಾಡಿದರು. ಮೌಂಟಿಂಗ್ ಬದಲಿಸಿದರು, ರೇಡಿಯೇಟರ್ ಮುಂದೆ ಸರಿಸಿದರು, ಭಾರ ಜಾಸ್ತಿಯಾಯಿತು ಅಂತ ಮುಂದಿನ ಸ್ಪ್ರಿಂಗಿನ ಬ್ಲೇಡ್ ಸೆಟ್ಟಿಗೆ ಒಂದು ಪಟ್ಟಿ ಹೆಚ್ಚು ಹಾಕಿದರು. ಡ್ರಾಯಿಂಗ್ ಇಲ್ಲ, ಪುಸ್ತಕ ಇಲ್ಲ. ಆ ಮೇಸ್ತ್ರಿಗಳು ಹಾಗೆ ಮಾಡದೆ ಇದ್ದಿದ್ದರೆ ಇವತ್ತು ನಾವು ‘ವಿಂಟೇಜ್’ ಅಂತ ಪ್ರೀತಿಯಿಂದ ಹುಡುಕುವ ಗಾಡಿಗಳಲ್ಲಿ ಬಹುಪಾಲು ಆಗಲೇ ಗುಜರಿಗೆ ಹೋಗಿ ಕರಗಿರುತ್ತಿದ್ದವು.

ಷೆಡ್ಡಿನೊಳಗಿನ ಗಾಡಿ

ನಾನು ಕೊಂಡ ಜೀಪು ಮೂಡಿಗೆರೆ ಕಡೆಯ ಒಂದು ತೋಟದ್ದು. ಕಣದ ಪಕ್ಕದ ಷೆಡ್ಡಿನಲ್ಲಿ ಹಳೆಯ ಪಲ್ಪರ್ ಮೆಷಿನ್ನಿನ ಹಿಂದೆ, ಮೈತುಂಬ ಗೋಣಿಚೀಲ ಹೊದ್ದು ನಿಂತಿತ್ತು. ಜೊತೆಗೆ ನಮ್ಮ ಗ್ಯಾರೇಜಿನ ಸಾಬ್ರನ್ನು ಕರೆದುಕೊಂಡು ಹೋಗಿದ್ದೆ. ಅವರ ತಂದೆಯ ಕಾಲದಿಂದ ಜೀಪಿನ ಕೆಲಸ ಮಾಡಿದವರು. ಅವರು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಲುಂಗಿ ಎತ್ತಿ ಕಟ್ಟಿ, ನೆಲಕ್ಕೆ ಒಂದು ಗೋಣಿ ಹಾಸಿ, ಟಾರ್ಚ್ ಹಿಡಿದು ಮುಂದಿನ ಬಂಪರಿನ ಕೆಳಗೆ ನುಗ್ಗಿದರು.

“ಗೌಡ್ರೆ, ಇಲ್ಲಿ ಬಗ್ಗಿ. ರೇಡಿಯೇಟರ್ ಕೆಳಗಡೆ ಅಡ್ಡಕ್ಕೆ ಬಂದಿದೆಯಲ್ಲ, ಅದನ್ನ ಮುಟ್ಟಿ ನೋಡಿ.”

ಮುಟ್ಟಿದೆ. ದುಂಡಗಿನ ಪೈಪು.

“ಪೈಪಿದ್ರೆ ವಿಲ್ಲೀಸ್. ಫೋರ್ಡಿಗೆ ಅಲ್ಲಿ ಪಟ್ಟಿ ಬರ್ತದೆ, ಕವುಚಿ ಹಾಕಿದ ಚಾನೆಲ್ ಥರ. ಬಾಡಿ ಯಾರ್ ಬೇಕಾದ್ರೂ ಹೊಸದು ಮಾಡ್ತಾರೆ. ಚಾಸಿ ಸುಳ್ಳು ಹೇಳಲ್ಲ.”

ಆಮೇಲೆ ಗ್ರಿಲ್ಲಿನ ಸೀಳುಗಳನ್ನು ಎಣಿಸಿದರು. ಒಂಬತ್ತು. ಯುದ್ಧದ ನಂತರ ಸಾರ್ವಜನಿಕರಿಗೆ ಮಾಡಿದ ಸಿಜೆ ಜೀಪುಗಳಿಗೆ ಏಳು. ಹೆಡ್‌ಲೈಟಿನ ಹಿಂದೆ ಕೈ ಹಾಕಿ ಒಂದು ಚಿಟ್ಟೆ ನಟ್ಟು ಬಿಚ್ಚಿದರು. ದೀಪ ಹಿಂದಕ್ಕೆ ಮಗುಚಿ ಇಂಜಿನ್ ಕಡೆ ಮುಖ ಮಾಡಿತು. ರಾತ್ರಿ ರಿಪೇರಿಗೆ ಅಂತ ಸೈನ್ಯದ ಜೀಪಿನಲ್ಲಿ ಮಾಡಿದ ಏರ್ಪಾಡು ಅದು. ಕೀಲು ಇನ್ನೂ ಸಲೀಸಾಗಿ ತಿರುಗುತ್ತಿತ್ತು. ಎಡಗಡೆ ಬಾಡಿಯ ಮೇಲೆ ಸಲಿಕೆ ಮತ್ತು ಕೊಡಲಿ ಕೂರಲು ಇರಬೇಕಾದ ತಗ್ಗಿನ ಜಾಗದಲ್ಲಿ ಪುಟ್ಟಿ ತುಂಬಿ ಸಮ ಮಾಡಿದ್ದರು. ಸಾಬ್ರು ಬೆರಳಿನಿಂದ ತಟ್ಟುತ್ತಾ ಹೋದರು. ತಗಡಿನ ಟಣ್ ಶಬ್ದ ಇದ್ದಕ್ಕಿದ್ದಂತೆ ಮಂದವಾದ ಕಡೆ ನಿಲ್ಲಿಸಿ, “ಇಲ್ಲೇ ಇದೆ, ಒಳಗೆ” ಅಂದರು.

ಇಂಜಿನ್ ಮಾತ್ರ ಪ್ಯೂಜೋ. ಬಾಡಿಯ ಹಿಂಭಾಗ ಕತ್ತರಿಸಿ ಒಂದು ಅಡಿ ಉದ್ದ ಮಾಡಿದ್ದರು, ಪಾರ್ಚ್‌ಮೆಂಟ್ ಕಾಫಿಯ ಮೂಟೆ ಅಡ್ಡಡ್ಡ ಕೂರುವ ಹಾಗೆ.

ಯಜಮಾನರು ಎಂಬತ್ತು ದಾಟಿದವರು. ಅವರಿಗಿಂತ ಹೆಚ್ಚು ಮಾತಾಡಿದ್ದು ಅವರ ಹೆಂಡತಿ. ಜೀಪಿನ ಸ್ಟೀರಿಂಗ್ ಎಡಕ್ಕೆ. ಚಾರ್ಮಾಡಿ ಘಾಟಿಯಲ್ಲಿ ಮುಂದಿನ ಲಾರಿಯನ್ನು ದಾಟಬೇಕಾದರೆ ಎಡಕ್ಕೆ ಕೂತ ಡ್ರೈವರಿಗೆ ಎದುರಿನ ರಸ್ತೆ ಕಾಣಿಸುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. “ಮದ್ವೆ ಆಗಿ ಬಂದ ವರ್ಷದಿಂದ ಆ ಕೆಲಸ ನಂದೇ. ನಾನು ‘ಹೋಗಿ’ ಅಂದ್ರೆ ಹೋಗೋರು, ‘ತಡೀರಿ’ ಅಂದ್ರೆ ತಡೆಯೋರು. ಒಂದಿನಾನೂ ಯಾಕೆ ಅಂತ ಕೇಳಿಲ್ಲ,” ಅಂದರು. ಯಜಮಾನರು ನಕ್ಕು ತಲೆ ಅಲ್ಲಾಡಿಸಿದರು. ಬೆಲೆಯ ಮಾತು ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ: “ಕತ್ತರಿಸಿ ಹಾಕಲ್ಲ ತಾನೆ?”

ಪುಸ್ತಕ ಮೊದಲು, ಗಾಡಿ ಆಮೇಲೆ

ಕೊಳ್ಳಬೇಕು ಅಂತ ಇರುವ ಹುಡುಗರು ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಆರ್‌ಸಿ ಬುಕ್ ಇದೆಯಾ ಅಂತ. ಇಂಜಿನ್ ಕಟ್ಟಿಸಬಹುದು, ಬಾಡಿ ಟಿಂಕರಿಂಗ್ ಮಾಡಿಸಬಹುದು, ಗೇರ್ ಬಾಕ್ಸ್ ಹೊಂದಿಸಬಹುದು. ಕಾಗದ ಇಲ್ಲದ ಗಾಡಿಗೆ ಕಾಗದ ಹುಟ್ಟಿಸುವ ದಾರಿ ನೆಟ್ಟಗಿನದಲ್ಲ, ಆ ದಾರಿ ತೋರಿಸುತ್ತೇನೆ ಅನ್ನುವವರ ಹತ್ತಿರ ಹೋಗಲೇಬಾರದು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ, ಆರ್‌ಸಿಯಲ್ಲಿರುವ ನಂಬರಿನ ಜೊತೆ ಒಂದೊಂದೇ ಅಂಕಿ ಹೋಲಿಸಿ. ವೆಲ್ಡಿಂಗ್ ಮಾಡಿ ಕೂರಿಸಿದ ತಗಡಿನ ಮೇಲೆ ನಂಬರ್ ಇದ್ದರೆ ಕೈಮುಗಿದು ವಾಪಸ್ ಬನ್ನಿ. ‘ಎಂವೈ’ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟು ಕಂಡ ಕೂಡಲೇ ಮನಸ್ಸು ಕರಗುತ್ತದೆ, ನನಗೂ ಕರಗುತ್ತದೆ. ಆದರೆ ಪ್ಲೇಟು ಬರೆಯಿಸುವುದು ಸುಲಭ, ಪುಸ್ತಕದಲ್ಲಿ ಅದೇ ನಂಬರ್ ಇರಬೇಕು.

ಸೈನ್ಯದ ಹರಾಜಿನಿಂದ ಬಂದ ಜೊಂಗಾ ಆದರೆ ಹರಾಜಿನ ಕಾಗದದಿಂದ ಹಿಡಿದು ಆರ್‌ಟಿಒ ನೋಂದಣಿಯವರೆಗಿನ ಸರಪಳಿ ಎಲ್ಲೂ ಕಡಿದಿರಬಾರದು. ಜಬಲ್‌ಪುರದಲ್ಲಿ ನಿಸಾನ್ ಪ್ಯಾಟ್ರೋಲ್ ಆಧರಿಸಿ 1999ರವರೆಗೂ ಮಾಡುತ್ತಿದ್ದ ಗಾಡಿ ಅದು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಅದರ ಸದ್ದಿಗೆ ಮನಸೋಲದವರಿಲ್ಲ. ಸಾಕುವ ಶಕ್ತಿ ಇರುವವರು ಮಾತ್ರ ಕೈ ಹಾಕಬೇಕು. ಜಿಪ್ಸಿಯ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಉತ್ಪಾದನೆ ನಿಂತ ಮೇಲೆ ಅದರ ಬೆಲೆ ಏರಿದೆ, ಏರಲೇಬೇಕಾದ ಗಾಡಿಯೇ ಅದು. ಆದರೆ 1985ರಲ್ಲಿ ಹುಟ್ಟಿದ ಗಾಡಿಯ ಕಷ್ಟಸುಖ ಬೇರೆ, ಇಲ್ಲಿ ಬೇಡ.

ಉಳಿಸಿದ ಕೈಯೇ ತಪ್ಪಾದರೆ

ನನ್ನನ್ನು ಬಹಳ ದಿನ ಕಾಡಿದ್ದು ಮುಂದಿನ ಪ್ರಶ್ನೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ನೋಂದಣಿ, ಶುಲ್ಕ ಇಪ್ಪತ್ತು ಸಾವಿರ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಹಳೆಯ ಗಾಡಿಗಳಿಗೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು ಅಂತ ಆಗ ನಿಜಕ್ಕೂ ಖುಷಿಪಟ್ಟೆ, ಈಗಲೂ ಅದು ಒಳ್ಳೆಯ ನಿಯಮ ಎಂದೇ ಹೇಳುತ್ತೇನೆ. ಆದರೆ ಅದರಲ್ಲಿ ಒಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಅಥವಾ ಇಂಜಿನ್ ಮಾರ್ಪಾಡಾಗಿರಬಾರದು.

ಅಂದರೆ ಮಲೆನಾಡಿನ ಡೀಸೆಲ್ ಜೀಪುಗಳಿಗೆ ಆ ಬಾಗಿಲು ಮುಚ್ಚಿದೆ. ಯಾವ ಬದಲಾವಣೆಯಿಂದ ಈ ಗಾಡಿ ಐವತ್ತು ವರ್ಷ ದಾಟಿತೋ ಅದೇ ಬದಲಾವಣೆಯ ಕಾರಣಕ್ಕೆ ಅದು ವಿಂಟೇಜ್ ಅಲ್ಲ. ನಾನು ಕೊಂಡ ಗಾಡಿಯ ಆರ್‌ಸಿ ಪುಸ್ತಕದಲ್ಲಿ ಎಂಬತ್ತರ ದಶಕದ ಒಂದು ಷರಾ ಇದೆ, ನೀಲಿ ಶಾಯಿಯಲ್ಲಿ, ಸೀಲಿನ ಸಮೇತ: ಇಂಧನ ಪೆಟ್ರೋಲಿನಿಂದ ಡೀಸೆಲ್‌ಗೆ ಬದಲಾಗಿದೆ, ಇಂಜಿನ್ ನಂಬರ್ ಇಂಥದ್ದು. ಆ ಕಾಲದ ಕಚೇರಿ ನೋಡಿ, ಒಪ್ಪಿ, ಸಹಿ ಹಾಕಿ ಕೊಟ್ಟದ್ದು. ಈಗಿನ ಪರಿಸ್ಥಿತಿಯಲ್ಲಿ ಅಂಥ ಕೆಲಸಕ್ಕೆ ಅನುಮತಿ ಸಿಗುವುದು ದೂರದ ಮಾತು. ಕಂಪನಿ ಮಾಡಿದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೊಸ ಗಾಡಿಗಳ ಮಟ್ಟಿಗೆ ಆ ತೀರ್ಪನ್ನು ನಾನು ಒಪ್ಪುತ್ತೇನೆ. ರಸ್ತೆಯಲ್ಲಿ ನಡೆಯುವವರ ಜೀವದ ಪ್ರಶ್ನೆ ಅದು.

ಜೀಪು ಮನೆಗೆ ಬಂದ ಮೇಲೆ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. ಪ್ಯೂಜೋ ಇಳಿಸು, ಹಳೇ ಪೆಟ್ರೋಲ್ ಇಂಜಿನ್ ಹುಡುಕು, ಹಿಂದಿನ ಒಂದು ಅಡಿ ಕತ್ತರಿಸು, 1944ಕ್ಕೆ ವಾಪಸ್ ಕರ್ಕೊಂಡ್ ಹೋಗು. ನನ್ನ ಭಾವನಂತೂ ನಕ್ಷತ್ರದ ಸ್ಟೆನ್ಸಿಲ್ ಸಮೇತ ಬಂದಿದ್ದರು. “ಭಾವ, ಈ ಗಾಡಿ ಸೈನ್ಯದಲ್ಲಿದ್ದದ್ದು ಒಂದೆರಡು ವರ್ಷ ಇರಬಹುದು, ತೋಟದಲ್ಲಿದ್ದದ್ದು ಎಪ್ಪತ್ತು ವರ್ಷ,” ಅಂದೆ. ಅವರು ಸುಮ್ಮನೆ ಜೀಪಿನ ಸುತ್ತ ಒಂದು ಸುತ್ತು ಬಂದು, “ಹಂಗಾದ್ರೆ ಏನ್ ಮಾಡ್ತೀಯ?” ಅಂದರು. ನ್ಯಾಯವಾದ ಪ್ರಶ್ನೆ.

ನಾನು ಕಂಡುಕೊಂಡ ಉತ್ತರ ಇಷ್ಟು. ಮೂಲ ಇಂಜಿನ್, ಮೂಲ ಬಾಡಿ ಎರಡೂ ಉಳಿದಿರುವ ಗಾಡಿ ಸಿಕ್ಕಿದರೆ ಅದನ್ನು ಪೂರ್ತಿ ಹಳೆಯ ಸ್ಥಿತಿಗೆ ತರಬೇಕು, ಕಾರ್ಟರ್ ಕಾರ್ಬ್ಯುರೇಟರಿನಿಂದ ಆರು ವೋಲ್ಟಿನ ವೈರಿಂಗಿನವರೆಗೆ. ಹಾಗೆ ಮಾಡುವವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಒಂದು ಬೋಲ್ಟಿನ ತಲೆ ಮೇಲೆ ಫೋರ್ಡಿನ ‘ಎಫ್’ ಅಕ್ಷರ ಇದೆಯಾ ಅಂತ ಗುಜರಿಯಲ್ಲಿ ದಿನಗಟ್ಟಲೆ ಹುಡುಕುವವರನ್ನು ಬಲ್ಲೆ. ಆದರೆ ಊರಿನ ಕೈಗಳು ಬದಲಾಯಿಸಿದ ಗಾಡಿ ಬೇರೆ. ಅದರ ಮೇಲಿನ ವೆಲ್ಡಿಂಗ್ ಗುರುತು, ಉದ್ದ ಮಾಡಿದ ಹಿಂಭಾಗ, ಲೇತಿನಲ್ಲಿ ಮಾಡಿದ ಪ್ಲೇಟು ಇವೆಲ್ಲ ನಮ್ಮ ಕಡೆಯ ಕೆಲಸಗಾರರು ಬಿಟ್ಟುಹೋದ ಏಕೈಕ ದಾಖಲೆ. ಅದನ್ನು ಕತ್ತರಿಸಿ ಗುಜರಿಗೆ ಹಾಕಿ, ಅಮೆರಿಕದ ಪುಸ್ತಕ ನೋಡಿ ಹೊಸ ತಗಡು ಬಡಿದರೆ ಸಿಗುವುದು ಒಂದು ನಕಲು. ನಿಜವಾದದ್ದು ಕೈಬಿಟ್ಟುಹೋಗಿರುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಹಠ ಹಿಡಿಯುವುದಿಲ್ಲ. ಮೂಲದ ಒಂಬತ್ತು ಇಂಚಿನ ಡ್ರಮ್ಮು ಹಗುರವಾದ ಪೆಟ್ರೋಲ್ ಜೀಪಿಗೆ ಅಂತ ಮಾಡಿದ್ದು. ಭಾರದ ಡೀಸೆಲ್ ಇಂಜಿನ್ ಇಟ್ಟುಕೊಂಡು, ಮಳೆಗಾಲದಲ್ಲಿ ಘಾಟಿ ಇಳಿಯುವವರು ದೊಡ್ಡ ಡ್ರಮ್ ಹಾಕಿಸಿಕೊಳ್ಳಬೇಕು. ಅಲ್ಲಿ ಇತಿಹಾಸಕ್ಕಿಂತ ಪಕ್ಕದಲ್ಲಿ ಕೂತವರು ಮುಖ್ಯ.

ಎಡಗಡೆಯ ನಟ್ಟು

ಕೆಲಸ ಶುರುವಾದ ದಿನ ನಡೆದದ್ದು. ಗ್ಯಾರೇಜಿನ ಹೊಸ ಹುಡುಗ ಎಡಗಡೆಯ ಮುಂದಿನ ಚಕ್ರ ಬಿಚ್ಚಲು ಕೂತ. ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಮೇಲೆ ನಿಂತು ಒತ್ತಿದ, ನಟ್ಟು ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟ, ಮತ್ತೆ ಒತ್ತಿದ. ಸಾಬ್ರು ಟೀ ಲೋಟ ಕೆಳಗಿಟ್ಟು ಬಂದು, ಬೋಲ್ಟಿನ ತುದಿಯ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ತೋರಿಸಿದರು. ಸಣ್ಣದಾಗಿ ‘ಎಲ್’ ಅಂತ ಒತ್ತಿದ ಅಕ್ಷರ. ಗಾಡಿ ಓಡುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಅಂತ ಎಡಗಡೆಯ ಚಕ್ರಗಳಿಗೆ ಉಲ್ಟಾ ಮರೆ, ಅಂದರೆ ಉಲ್ಟಾ ಥ್ರೆಡ್, ಕೊಟ್ಟಿದ್ದರು ಆಗ. ಬಿಚ್ಚಬೇಕಾದರೆ ಬಿಗಿ ಮಾಡುವ ಕಡೆಗೆ ತಿರುಗಿಸಬೇಕು. ಹುಡುಗ ದಿಕ್ಕು ಬದಲಿಸಿದ, ಕಿರ್ ಅಂತ ಬಿಟ್ಟುಕೊಂಡಿತು. ಆಮೇಲೆ ಹಿಂದಿನ ಎಡಚಕ್ರಕ್ಕೆ ಹೋದರೆ ಅಲ್ಲಿ ಮಾಮೂಲಿ ಮರೆ. ಯಾವುದೋ ಕಾಲದಲ್ಲಿ ಹಬ್ ಒಡೆದು, ಇನ್ನೊಂದು ಜೀಪಿನ ಹಬ್ ತಂದು ಕೂರಿಸಿದ್ದಾರೆ. ಎರಡು ಚಕ್ರ ನೋಡಿಯೇ ಸಾಬ್ರು ಗಾಡಿಯ ಹಿಂದಿನ ಕತೆ ಹೇಳಿದರು. ಹಬ್ ಒಡೆಯಬೇಕಾದರೆ ಭಾರ ಹೇರಿಕೊಂಡು ಹಳ್ಳಕ್ಕೆ ಇಳಿದಿರಬೇಕು, ತಕ್ಷಣ ಸಿಕ್ಕಿದ್ದನ್ನು ಹಾಕಿದ್ದಾರೆ ಅಂದರೆ ಕೊಯ್ಲಿನ ಕಾಲ ಇದ್ದಿರಬೇಕು ಅಂತ. ಆ ಹುಡುಗ ಕೆಲಸ ಬಿಟ್ಟು ಕೇಳುತ್ತಾ ಕೂತಿದ್ದ.

ಇಂಥ ಸಾಬ್ರುಗಳು ಇನ್ನು ಕೆಲವೇ ಜನ ಉಳಿದಿದ್ದಾರೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಬೇರಿಂಗು, ಆಯಿಲ್ ಸೀಲು, ಕಿಂಗ್ ಪಿನ್ ಇವತ್ತಿಗೂ ಸಿಗುತ್ತವೆ. ಜೀಪಿನ ಸಾಮಾನು ಮುಗಿಯುವ ಭಯ ನನಗಿಲ್ಲ. ಸಾಮಾನು ನೋಡಿ ಕತೆ ಓದುವವರು ಮುಗಿಯುತ್ತಾರೆ ಅನ್ನುವ ಭಯ ಇದೆ. ಆದ್ದರಿಂದ ಈಗ ಬಿಚ್ಚಿದ ಒಂದೊಂದು ಭಾಗದ ಫೋಟೋ ತೆಗೆದು, ಸಾಬ್ರು ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಡೀಸೆಲ್ ಪ್ಲೇಟಿನ ಅಳತೆಗಳನ್ನು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಟ್ಟಿದ್ದಾಳೆ. ಅದರ ಮೂಲೆಯಲ್ಲಿ ಪ್ಲೇಟು ಮಾಡಿದ ಲೇತ್ ಮೇಸ್ತ್ರಿಯ ಹೆಸರು ಹಾಕಬೇಕು ಅಂತ ಅವಳ ಹಠ. ಹೆಸರು ಯಾರಿಗೂ ಗೊತ್ತಿಲ್ಲ, ವಿಚಾರಿಸುತ್ತಿದ್ದೇವೆ.

ಗಾಡಿಯನ್ನು ವಿಎ ನೋಂದಣಿಗೆ ಕೊಂಡುಹೋಗುವುದಿಲ್ಲ ಅಂತ ತೀರ್ಮಾನವಾಗಿದೆ. ಹಳೆಯ ನಂಬರಿನಲ್ಲೇ, ಡೀಸೆಲ್ ಷರಾ ಇರುವ ಅದೇ ಪುಸ್ತಕದಲ್ಲೇ ಎಫ್‌ಸಿ ಮಾಡಿಸಬೇಕು. ಸಲಿಕೆಯ ತಗ್ಗಿನಲ್ಲಿದ್ದ ಪುಟ್ಟಿಯನ್ನು ತೆಗೆಸಿದ್ದೇನೆ, ಏಕೆಂದರೆ ಅದರ ಕೆಳಗೆ ನೀರು ನಿಂತು ತಗಡು ತಿನ್ನುತ್ತಿತ್ತು. ಹಿಂದಿನ ಒಂದು ಅಡಿ ಹಾಗೆಯೇ ಇದೆ. ಬಣ್ಣ ಉಜ್ಜಿದಾಗ ಮೇಲಿನ ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಬೂದು ಸಿಕ್ಕಿತು. ನೀಲಿ ಹೊಡೆಸುತ್ತೇನೆ, ತೋಟದ ಅಮ್ಮ ನೆನಪಿಟ್ಟುಕೊಂಡಿರುವ ಬಣ್ಣ ಅದೇ.

ಸದ್ಯಕ್ಕೆ ಮುಂದಿನ ಆಕ್ಸಲ್ ಬಿಚ್ಚಿ ಬೆಂಚಿನ ಮೇಲಿದೆ. ಎರಡು ಕಡೆಯ ಜಾಯಿಂಟು ಬೇರೆ ಬೇರೆ ಜಾತಿಯವು, ಬಲಕ್ಕೆ ರ್ಸೆಪ್ಪಾ, ಎಡಕ್ಕೆ ಬೆಂಡಿಕ್ಸ್. ಬೆಂಡಿಕ್ಸಿನ ಗೋಲಿಗಳು ಸವೆದು ಸ್ಟೀರಿಂಗ್ ಪೂರ್ತಿ ತಿರುಗಿಸಿ ಫೋರ್ ವೀಲ್ ಹಾಕಿದಾಗ ಟಕ್ ಟಕ್ ಅನ್ನುತ್ತಿತ್ತು. ನಿಮ್ಮ ಮನೆಯ ಅಟ್ಟದಲ್ಲೋ ಷೆಡ್ಡಿನಲ್ಲೋ ಹಳೆಯ ಜೀಪಿನ ಎಡಗಡೆಯ ಉದ್ದದ ಶಾಫ್ಟು ಜಾಯಿಂಟಿನ ಸಮೇತ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಯಾವ ಜಾಯಿಂಟು ಅಂತ ಗೊತ್ತಾಗದಿದ್ದರೆ ಒಂದು ಫೋಟೋ ಕಳಿಸಿದರೂ ಸಾಕು, ಸಾಬ್ರು ನೋಡಿ ಹೇಳುತ್ತಾರೆ. ಮುಂಗಾರು ಹಿಡಿಯುವುದರೊಳಗೆ ಜೋಡಿಸಿ ಮುಗಿಸಬೇಕು ಅಂತ ಅವರ ಲೆಕ್ಕ.